ಇರದ ಸಂಗೀತಗಾರನ ಸಾಕ್ಷ್ಯಚಿತ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಣಕು ಸಾಕ್ಷ್ಯಚಿತ್ರ ಅಂದರೆ ಸಾಕ್ಷ್ಯಚಿತ್ರದ ವೇಷ ಕಟ್ಟಿದ ಕತೆ. ಹುಟ್ಟೇ ಇಲ್ಲದ ಗಾಯಕನ ಸಂದರ್ಶನ, ಹಳೆಯ ಫೋಟೋ, ಶಿಷ್ಯರ ನೆನಪು, ಎಲ್ಲವೂ ಅದರಲ್ಲಿರುತ್ತವೆ. ಈ ಸಲ ಬಂದ ಕಾಗದಗಳಲ್ಲಿ ಬಹಳಷ್ಟು ಇದರ ಮೇಲೆಯೇ ಇವೆ. ಶಿರಸಿ, ಕುಮಟಾ, ಕಾರವಾರದ ಕಡೆ ಇಂಥ ಚಿತ್ರ ತೋರಿಸಿದವರು, ಮಾಡಲು ಹೊರಟವರು, ನೋಡಿ ಕಸಿವಿಸಿಗೊಂಡವರು ಬರೆದಿದ್ದಾರೆ. ಉದ್ದದ ಕಾಗದಗಳಲ್ಲಿ ಮುಖ್ಯ ಪ್ರಶ್ನೆಯಷ್ಟನ್ನು ಇಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಬಳಗದಲ್ಲಿ ‘ದಿಸ್ ಈಸ್ ಸ್ಪೈನಲ್ ಟ್ಯಾಪ್’ ತೋರಿಸಿದೆವು, ಇರದ ರಾಕ್ ತಂಡವೊಂದರ ಮೇಲೆ ರಾಬ್ ರೈನರ್ ಮಾಡಿದ ಅಣಕು ಸಾಕ್ಷ್ಯಚಿತ್ರ. ನಲವತ್ತು ಜನ ಬಂದಿದ್ದರು, ನಕ್ಕವರು ಐದಾರು ಮಂದಿ. ಮುಗಿದ ಮೇಲೆ ಹಿರಿಯರೊಬ್ಬರು, “ಈ ತಂಡದವರು ಈಗಲೂ ಹಾಡ್ತಾರಾ?” ಎಂದು ಕೇಳಿದರು. ನಮ್ಮ ಕಡೆಯಿಂದ ತಪ್ಪು ಎಲ್ಲಾಯಿತು?
(ಶಿರಸಿಯ ಓದುಗರು)

ಉತ್ತರ: ಆ ಹಿರಿಯರು ಕೇಳಿದ್ದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಯಾರೂ ಹೆಸರು ಕೇಳದ ತಂಡದ ಮೇಲೆ ಸಿನಿಮಾ ಯಾಕೆ ಮಾಡಿದಿರಿ ಎಂದು ಅಮೆರಿಕದ ಪ್ರೇಕ್ಷಕರೇ ಮೊದಮೊದಲ ಪ್ರದರ್ಶನಗಳಲ್ಲಿ ಕೇಳಿದ್ದರೆಂದು ರೈನರ್ ಹೇಳಿದ್ದಾರೆ. ಅದು 1984ರ ಮಾತು. ಮೂವರು ಮುಖ್ಯ ನಟರು ಹಾಡುಗಳನ್ನು ತಾವೇ ಕಟ್ಟಿ, ತಾವೇ ನುಡಿಸಿದ್ದಾರೆ. ಮಾತು ಬಹುಪಾಲು ಆಶುವಾಗಿ ಬಂದದ್ದು. ಪ್ರಶ್ನೆ ಕೇಳುವ ನಿರ್ದೇಶಕನ ಪಾತ್ರದಲ್ಲಿ ರೈನರ್ ಅವರೇ ಗಂಭೀರವಾಗಿ ಕೂತಿದ್ದಾರೆ. ನಂಬುವುದಕ್ಕೆ ಇಷ್ಟು ಸಾಕು. ಆ ಹಿರಿಯರಿಗೆ ಹೇಳಲು ನಿಜವಾದ ಉತ್ತರವೂ ಇದೆ: ಕತೆಯ ತಂಡ ಮುಂದೆ ನಿಜವಾಗಿಯೂ ಕಛೇರಿ ಕೊಟ್ಟಿತು. 1992ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, 2007ರಲ್ಲಿ ವೆಂಬ್ಲಿಯಲ್ಲಿ ನುಡಿಸಿತು. 2025ರಲ್ಲಿ ಚಿತ್ರದ ಎರಡನೆಯ ಭಾಗವೂ ಬಂತು.

ನಗು ಬರದೇ ಹೋದದ್ದಕ್ಕೆ ಕಾರಣ ಬೇರೆ. ಅಸಲು ಗೊತ್ತಿದ್ದವರಿಗೆ ಮಾತ್ರ ಅಣಕು ಹಿಡಿಸುತ್ತದೆ. ಯಕ್ಷಗಾನದ ಹಾಸ್ಯಗಾರ ರಾಜವೇಷದ ಒಡ್ಡೋಲಗವನ್ನು, ಅಂದರೆ ರಂಗಕ್ಕೆ ಬರುವ ಕುಣಿತವನ್ನು, ಅಣಕಿಸಿದರೆ ಹೊನ್ನಾವರದ ಕಡೆ ಮಕ್ಕಳೂ ನಗುತ್ತಾರೆ. ಒಡ್ಡೋಲಗವನ್ನೇ ಕಾಣದ ಊರಲ್ಲಿ ಅದು ಏನೋ ಒಂದು ವಿಚಿತ್ರ ಕುಣಿತ, ಅಷ್ಟೆ. ಈ ಚಿತ್ರದ ಪ್ರಸಿದ್ಧ ದೃಶ್ಯವನ್ನೇ ನೋಡಿ. ಆಂಪ್ಲಿಫೈಯರಿನ ಗುಂಡಿಯ ಮೇಲೆ ಸಾಮಾನ್ಯವಾಗಿ 10ರವರೆಗೆ ಅಂಕಿ ಇರುತ್ತದೆ, ಇವರ ಪೆಟ್ಟಿಗೆಯಲ್ಲಿ 11. ಅಷ್ಟರಿಂದಲೇ ತಮ್ಮದು ಹೆಚ್ಚು ಜೋರು ಎಂದು ಗಿಟಾರ್ ವಾದಕ ನಂಬಿದ್ದಾನೆ. ಅಂಥ ಪೆಟ್ಟಿಗೆಯನ್ನು ಮುಟ್ಟದವರಿಗೆ ಇದು ಹೊಳೆಯುವುದು ಕಷ್ಟ. ಅಡಿಯ ಗುರುತು ಹಾಕಬೇಕಾದಲ್ಲಿ ಅಂಗುಲದ ಗುರುತು ಹಾಕಿ, 18 ಅಡಿಯ ಕಲ್ಲಿನ ಪ್ರತಿಕೃತಿ 18 ಅಂಗುಲವಾಗಿ ವೇದಿಕೆಗೆ ಇಳಿಯುವ ದೃಶ್ಯಕ್ಕೆ ಮಾತ್ರ ಯಾವ ತಯಾರಿಯೂ ಬೇಡ. ನಿಮ್ಮಲ್ಲಿ ನಕ್ಕವರು ಅಲ್ಲೇ ನಕ್ಕಿರಬೇಕು.

ಮುಂದಿನ ಸಲ ಮೂರು ಕೆಲಸ ಮಾಡಿ. ಚಿತ್ರಕ್ಕೆ ಮೊದಲು ನಿಜವಾದ ರಾಕ್ ಸಾಕ್ಷ್ಯಚಿತ್ರ ಒಂದರ ಹತ್ತು ನಿಮಿಷ ತೋರಿಸಿ. ಇದು ಯಾವ ಭಾಷಣಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಇಂಗ್ಲಿಷ್ ಬಲ್ಲವರೇ ಕೂತಿದ್ದರೂ ಸಬ್‌ಟೈಟಲ್ ಹಾಕಿ, ಏಕೆಂದರೆ ಅಮೆರಿಕದ ನಟರು ಬ್ರಿಟಿಷ್ ಧಾಟಿಯಲ್ಲಿ, ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಾರೆ. ಮೂರನೆಯದು ಕುರ್ಚಿ. ಇನ್ನೂರು ಜನ ಹಿಡಿಯುವ ಸಭಾಭವನದಲ್ಲಿ ನಲವತ್ತು ಮಂದಿ ಚೆದುರಿ ಕೂತರೆ ಯಾರೂ ನಗುವುದಿಲ್ಲ. ನಗು ಪಕ್ಕದವರಿಂದ ಅಂಟುವಂಥದ್ದು. ಹಿಂದಿನ ಸಾಲುಗಳಿಗೆ ಹಗ್ಗ ಕಟ್ಟಿ ಎಲ್ಲರನ್ನೂ ಮುಂದೆ ಒತ್ತಾಗಿ ಕೂರಿಸಿ. ಟೈಲ್ಸ್ ನೆಲವಾದರೆ ಜಮಖಾನ ಹಾಸಿ, ಹಿಂದಿನ ಗೋಡೆಗೆ ದಪ್ಪ ಪರದೆ ಬಿಡಿ. ಮಾತು ಮೊಳಗಿ ಮಸುಕಾಗುವುದು ಕಡಿಮೆಯಾಗುತ್ತದೆ.

ಪ್ರಶ್ನೆ: ಮಾರ್ಟಿನ್ ಸ್ಕಾರ್ಸೆಸಿ 2019ರಲ್ಲಿ ಅಮೆರಿಕದ ಗಾಯಕ ಬಾಬ್ ಡಿಲನ್ ಅವರ ಕಛೇರಿ ಪ್ರವಾಸದ ಬಗ್ಗೆ ಮಾಡಿದ ‘ರೋಲಿಂಗ್ ಥಂಡರ್ ರೆವ್ಯೂ’ ನೋಡಿ ಬಹಳ ಮೆಚ್ಚಿಕೊಂಡಿದ್ದೆ. ಅದರಲ್ಲಿ ಕೆಲವರು ಕಟ್ಟುಕತೆ ಎಂದು ಆಮೇಲೆ ಗೊತ್ತಾಯಿತು. ಮೋಸ ಹೋದೆ ಅನ್ನಿಸುತ್ತಿದೆ.
(ಕಾರವಾರದ ಓದುಗರು)

ಉತ್ತರ: ಯಾವುದು ದಿಟ, ಯಾವುದು ಅಲ್ಲ ಎನ್ನುವುದನ್ನು ಮೊದಲು ಬಿಡಿಸೋಣ. 1975ರ ಪ್ರವಾಸ ನಿಜ, ಹಾಡುಗಳು ನಿಜ, ಪಿಟೀಲು ನುಡಿಸುವ ಸ್ಕಾರ್ಲೆಟ್ ರಿವೇರಾ ನಿಜ. ಪ್ರವಾಸವನ್ನು ಚಿತ್ರೀಕರಿಸಿದವನೆಂದು ಬರುವ ಯುರೋಪಿನ ನಿರ್ದೇಶಕ ಸ್ಟೆಫಾನ್ ವಾನ್ ಡಾರ್ಪ್ ಎಂಬಾತ ಇರಲೇ ಇಲ್ಲ. ಹದಿಹರೆಯದಲ್ಲಿ ಪ್ರವಾಸ ಸೇರಿದೆ ಎಂದು ನಟಿ ಶರೋನ್ ಸ್ಟೋನ್ ಹೇಳುವುದು ಹೊಸೆದ ಕತೆ. ಜಾಕ್ ಟ್ಯಾನರ್ ಎಂಬ ರಾಜಕಾರಣಿ 1988ರ ಒಂದು ಟಿವಿ ಸರಣಿಯ ಪಾತ್ರ. ಅದೇ ನಟ ಇಲ್ಲಿ ಮತ್ತೆ ಬಂದಿದ್ದಾನೆ.

ಸುಳಿವು ಇರಲಿಲ್ಲ ಎನ್ನುವಂತಿಲ್ಲ. ಚಿತ್ರ ತೆರೆದುಕೊಳ್ಳುವುದೇ 1896ರ ಜಾರ್ಜ್ ಮೆಲಿಯೆಸ್ ತುಣುಕಿನಿಂದ: ಜಾದೂಗಾರ ಕುರ್ಚಿಯ ಮೇಲೆ ಕೂತ ಹೆಂಗಸಿಗೆ ಬಟ್ಟೆ ಮುಚ್ಚುತ್ತಾನೆ, ತೆಗೆದರೆ ಆಕೆ ಇಲ್ಲ. ಮುಂದೆ ಬರುವುದು ಕಣ್ಕಟ್ಟು ಎಂದು ಅಲ್ಲಿಯೇ ಹೇಳಿದಂತಾಯಿತು. ಆದರೆ ಸಿನಿಮಾ ಚರಿತ್ರೆ ಬಲ್ಲವರಿಗಷ್ಟೇ ಕಾಣುವ ಸುಳಿವು ಅದು. ನಿಮ್ಮ ಬೇಸರ ನ್ಯಾಯವೇ ಎಂದು ನಮಗೂ ಅನ್ನಿಸುತ್ತದೆ, ಮುಖ್ಯವಾಗಿ ಒಂದು ವಿಷಯದಲ್ಲಿ. ಡಿಲನ್ ತಮ್ಮದೇ ಸಿನಿಮಾಕ್ಕೆಂದು ಅಂದು ತೆಗೆಸಿದ ದೃಶ್ಯಗಳಿವು. ಕ್ಯಾಮೆರಾ ಹಿಡಿದು ದುಡಿದವರ ಕೆಲಸ ಎಂದೂ ಇರದ ಮನುಷ್ಯನ ಪಾಲಾಯಿತು. ಕಟ್ಟುಪಾತ್ರ ತರುವುದರಲ್ಲಿ ತಪ್ಪಿಲ್ಲ, ಬದುಕಿದ್ದವರ ದುಡಿಮೆಯನ್ನು ಅದರ ಹೆಸರಿಗೆ ಬರೆಯುವುದು ಬೇಡವಿತ್ತು. ಇನ್ನೊಮ್ಮೆ ನೋಡುವುದಾದರೆ ಕೊನೆಯ ಹೆಸರುಪಟ್ಟಿಯನ್ನು ಪೂರ್ತಿ ಓಡಲು ಬಿಡಿ. ಯಾರು ಯಾವ ಪಾತ್ರ ಎನ್ನುವುದು ಇಂಥ ಚಿತ್ರಗಳಲ್ಲಿ ಅಲ್ಲಿ ಸಿಗುತ್ತದೆ. ಮನೆಯಲ್ಲಿ ನೋಡುವಾಗ ಪರದೆ ಕಿರಿದಾಗಿ ಮುಂದಿನ ಚಿತ್ರಕ್ಕೆ ಜಿಗಿಯುವುದರಿಂದ ಅದು ತಪ್ಪಿಹೋಗುತ್ತದೆ.

ಪ್ರಶ್ನೆ: ಒಬ್ಬ ಕಾಲ್ಪನಿಕ ಹಾರ್ಮೋನಿಯಂ ಮಾಸ್ತರರ ಮೇಲೆ 20 ನಿಮಿಷದ ಚಿತ್ರ ಮಾಡುತ್ತಿದ್ದೇವೆ. ನಟರು ತಾಳಮದ್ದಲೆಯಲ್ಲಿ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಪಳಗಿದವರು, ಬರೆದುಕೊಟ್ಟದ್ದೇನೂ ಇಲ್ಲದೆ ಎಷ್ಟು ಹೊತ್ತಾದರೂ ಮಾತಾಡುತ್ತಾರೆ. ಆದರೆ ತೆರೆಯ ಮೇಲೆ ನೋಡಿದರೆ ಎಲ್ಲವೂ ನಾಟಕದಂತೆ ಕಾಣುತ್ತದೆ. ಮೊದಲ ಪ್ರದರ್ಶನದಲ್ಲಿ ಜನ ಎರಡೇ ನಿಮಿಷಕ್ಕೆ ‘ಇದು ಸುಳ್ಳು’ ಎಂದುಬಿಟ್ಟರು.
(ಸಿದ್ದಾಪುರದ ಓದುಗರು)

ಉತ್ತರ: ನಿಮ್ಮ ಕೈಯಲ್ಲಿರುವುದು ಬಹಳ ಒಳ್ಳೆಯ ಬಂಡವಾಳ. ಪದ್ಯ ಗೊತ್ತು, ಕತೆಯ ನಡೆ ಗೊತ್ತು, ಮಾತು ಆ ಕ್ಷಣಕ್ಕೆ ಹುಟ್ಟಿದ್ದು. ತಾಳಮದ್ದಲೆ ನಡೆಯುವುದೇ ಹೀಗೆ, ಅಣಕು ಸಾಕ್ಷ್ಯಚಿತ್ರವೂ ಹಾಗೆಯೇ. ತೊಡಕು ಅರ್ಥಧಾರಿಯ, ಅಂದರೆ ಪದ್ಯಕ್ಕೆ ಮಾತು ಕಟ್ಟಿ ಹೇಳುವವರ, ಅಭ್ಯಾಸದಲ್ಲಿದೆ. ಅವರ ವಾಕ್ಯ ಪೂರ್ತಿಯಾಗುತ್ತದೆ, ಮಾತು ಕ್ರಿಯಾಪದದ ಮೇಲೆ ಬಂದು ನಿಲ್ಲುತ್ತದೆ, ಎದುರಾಳಿಯ ಮಾತಿಗೆ ಉತ್ತರ ಆಗಲೇ ಸಿದ್ಧವಿರುತ್ತದೆ. ಮನೆಯ ಜಗಲಿಯಲ್ಲಿ ಕೂತು ಗುರುಗಳನ್ನು ನೆನೆಯುವವರು ಹಾಗೆ ಮಾತಾಡುವುದಿಲ್ಲ. ಅರ್ಧಕ್ಕೆ ಬಿಡುತ್ತಾರೆ, ಹಿಂದೆ ಹೋಗುತ್ತಾರೆ, “ಅಲ್ಲಲ್ಲ, ಅದು ಆ ವರ್ಷ ಅಲ್ಲ” ಎಂದು ತಿದ್ದಿಕೊಳ್ಳುತ್ತಾರೆ.

ಹೇಳಿ ತಿದ್ದಲು ಹೋಗಬೇಡಿ, ಕೈಗೆ ಕೆಲಸ ಕೊಡಿ. ಅಡಿಕೆ ಸುಲಿಯುವ ಕಾಲವಾದರೆ ಮೆಟ್ಟುಗತ್ತಿಯ ಮುಂದೆ ಕೂರಿಸಿ ಪ್ರಶ್ನೆ ಕೇಳಿ. ಸುಲಿಯುವವರ ಕಣ್ಣು ಅಲಗಿನ ಮೇಲೆಯೇ ಇರಬೇಕು, ಇಲ್ಲವಾದರೆ ಬೆರಳು ಹೋಗುತ್ತದೆ. ಕೈ ಎತ್ತಿ ವಾದ ಮಂಡಿಸಲು ಬರುವುದಿಲ್ಲ. ಸಿಪ್ಪೆ ಬಿಡದ ಕಾಯಿ ಸಿಕ್ಕಾಗ ಮಾತು ತಾನಾಗಿ ನಿಲ್ಲುತ್ತದೆ, ಕಾಯಿ ಬಿಟ್ಟ ಮೇಲೆ ಮುಂದುವರಿಯುತ್ತದೆ. ಆ ತಡೆಯೇ ನಿಮಗೆ ಬೇಕಾದ್ದು. ಬುಟ್ಟಿಗೆ ಬೀಳುವ ಅಡಿಕೆಯ ‘ಟಕ್’ ಸದ್ದು ಮೈಕಿನಲ್ಲಿ ಗುಂಡು ಹೊಡೆದಂತೆ ಕೇಳುತ್ತದೆ, ಬುಟ್ಟಿಯ ತಳಕ್ಕೆ ಗೋಣಿಚೀಲ ಮಡಿಸಿ ಹಾಕಿ. ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಶಾಲು ಹೊದ್ದಿದ್ದರೆ ಅದು ಉಜ್ಜದಂತೆ ನೋಡಿಕೊಳ್ಳಿ. ಪ್ರತಿ ಜಾಗದಲ್ಲಿ ಯಾರೂ ಮಾತಾಡದೆ ಒಂದು ನಿಮಿಷ ಬರೀ ಸುತ್ತಲಿನ ಸದ್ದು ದಾಖಲಿಸಿ. ಜೀರುಂಡೆಯ ಸದ್ದು ಒಂದು ಶಾಟ್‌ನಲ್ಲಿದ್ದು ಮುಂದಿನದರಲ್ಲಿ ಇಲ್ಲದಿದ್ದರೆ ಕತ್ತರಿ ಬಿದ್ದದ್ದು ಎಲ್ಲರಿಗೂ ಗೊತ್ತಾಗುತ್ತದೆ. ಈ ಒಂದು ನಿಮಿಷವನ್ನು ಅಡಿಯಲ್ಲಿ ಹಾಸಿದರೆ ಅದು ಮುಚ್ಚುತ್ತದೆ.

ಇನ್ನು ಕತೆಯ ತಯಾರಿ. ಸಂಭಾಷಣೆ ಬರೆಯಬೇಡಿ, ಎರಡು ಪುಟದಲ್ಲಿ ಮಾಸ್ತರರ ಜೀವನದ ಘಟನೆಗಳನ್ನು ಬರೆದುಕೊಳ್ಳಿ. ಆದರೆ ಆ ಎರಡೂ ಪುಟಗಳನ್ನು ಎಲ್ಲರಿಗೂ ಕೊಡಬೇಡಿ. ಹೆಂಡತಿಯ ಪಾತ್ರದವರಿಗೆ ಮನೆಯ ಸಂಗತಿ, ಶಿಷ್ಯನಿಗೆ ಪಾಠದ ಸಂಗತಿ, ನೆರೆಯವನಿಗೆ ಊರಿನ ಸುದ್ದಿ, ಅವರವರ ಪಾಲು ಅವರವರಿಗೆ. ಹಾರ್ಮೋನಿಯಂ ಪೆಟ್ಟಿಗೆ ಕಾಳಿ ನದಿಯ ದೋಣಿಯಲ್ಲಿ ಮುಳುಗಿತು ಎಂದು ಒಬ್ಬರು, ಸಾಲಕ್ಕೆ ಅಡವಿಟ್ಟದ್ದು ಎಂದು ಇನ್ನೊಬ್ಬರು ಹೇಳಲಿ. ಅನುಮಾನ ನೋಡುವವರ ಮನಸ್ಸಿನಲ್ಲಿ ಹುಟ್ಟಬೇಕು, ನಟರ ಮುಖದಲ್ಲಿ ಕಾಣಬಾರದು. ಪ್ರಶ್ನೆ ಕೇಳುವವರು ಪದ್ಯ ಹಾಡುವ ಭಾಗವತರಿದ್ದಂತೆ: ಪದ್ಯ ಚಿಕ್ಕದಾಗಿರಲಿ, ಅರ್ಥ ಅವರಿಗೆ ಬಿಡಲಿ.

ಎಲ್ಲರೂ ಹಾಸ್ಯಗಾರರಾಗಲು ಹೊರಟರೆ ಚಿತ್ರ ಕೆಡುತ್ತದೆ. ತಾನು ನಗಿಸುತ್ತಿದ್ದೇನೆ ಎಂದು ಪಾತ್ರಕ್ಕೆ ತಿಳಿದಿರಲೇಬಾರದು. ಮೊದಲ ಸಲದ ಉತ್ತರವನ್ನೇ ಇಟ್ಟುಕೊಳ್ಳಿ, ಎರಡನೆಯ ಸಲ ಹೇಳಿಸಿದರೆ ಅರ್ಥಗಾರಿಕೆ ಮರಳಿ ಬರುತ್ತದೆ. ಹಾಗಾಗಿ ಬಹಳ ತೆಗೆಯಬೇಕಾಗುತ್ತದೆ. 20 ನಿಮಿಷದ ಚಿತ್ರಕ್ಕೆ ಇಪ್ಪತ್ತು ಪಟ್ಟು ಲೆಕ್ಕ ಹಿಡಿದರೆ 400 ನಿಮಿಷ, ಅಂದರೆ ಆರೂ ಮುಕ್ಕಾಲು ಗಂಟೆಯ ಹತ್ತಿರ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಗಂಟೆಗೆ 45 ಜಿಬಿ, ಒಟ್ಟು 300 ಜಿಬಿ. ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಪ್ರತಿ ಇಟ್ಟು, ಎರಡನ್ನೂ ಬೇರೆ ಬೇರೆ ಮನೆಯಲ್ಲಿಡಿ.

ಪ್ರಶ್ನೆ: ನಮ್ಮ ಚಿತ್ರದಲ್ಲಿ 1950-60ರ ಕಾಗದ, ಟಿಕೆಟ್, ಗ್ರಾಮಫೋನ್ ತಟ್ಟೆ ತೋರಿಸಿದ್ದೆವು. ಹಿರಿಯ ಪ್ರೇಕ್ಷಕರು ಒಂದೊಂದಾಗಿ ತಪ್ಪು ಹುಡುಕಿದರು. ಏನೇನು ಗಮನಿಸಬೇಕು?
(ಕುಮಟಾದ ಶಿಕ್ಷಕಿ)

ಉತ್ತರ: ಸಂಗೀತದ ಚಿತ್ರಕ್ಕೆ ಬರುವವರಲ್ಲಿ ಹಳೆಯ ತಟ್ಟೆ ಕೇಳಿ ಬೆಳೆದವರು ಇರುತ್ತಾರೆ. ಒಂದು ತಪ್ಪು ಕಂಡರೆ ಅವರಿಗೆ ಕತೆ ಅಲ್ಲಿಗೇ ಮುಗಿಯಿತು.

ಆಡಳಿತದಿಂದ ಶುರು ಮಾಡಿ. 1956ರ ನವೆಂಬರ್ 1ರವರೆಗೆ ನಿಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ಆಮೇಲೆ ಮೈಸೂರು ರಾಜ್ಯ. ‘ಕರ್ನಾಟಕ’ ಎಂದು ಮುದ್ರೆ ಬೀಳುವುದು 1973ರ ನವೆಂಬರ್ 1ರ ನಂತರ. 1957ರ ಏಪ್ರಿಲ್ 1ಕ್ಕೆ ಮೊದಲಿನ ನಾಟಕದ ಟಿಕೆಟ್ಟಿನ ಮೇಲೆ ಆಣೆ ಇರಬೇಕು, ನಯಾ ಪೈಸೆ ಬಂದದ್ದು ಆ ದಿನ. ಪಿನ್‌ಕೋಡ್ 1972ರ ಆಗಸ್ಟ್ 15ರಿಂದ. 1960ರ ಕಾಗದದ ಮೇಲೆ ಕಾರವಾರದ ಪಕ್ಕ 581301 ಎಂದಿದ್ದರೆ ಅಂಚೆ ಕಚೇರಿಯಲ್ಲಿ ದುಡಿದವರು ಕೂಡಲೇ ಹಿಡಿಯುತ್ತಾರೆ. ಕತೆಯ ಸಂಗೀತಗಾರ ಕುಮಟಾದಲ್ಲಿ ರೈಲು ಹತ್ತಿ ಮುಂಬಯಿಗೆ ಹೋಗುವಂತಿಲ್ಲ. ಕೊಂಕಣ ರೈಲು ಉದ್ದಕ್ಕೂ ಓಡಲು ಶುರುವಾದದ್ದು 1998ರ ಜನವರಿಯಲ್ಲಿ. ಘಟ್ಟ ಹತ್ತಿಸಿ ಹುಬ್ಬಳ್ಳಿಗೆ ಕಳಿಸಿ, ಅಲ್ಲಿ ರೈಲು ಹಿಡಿಯಲಿ.

ಹಾರ್ಮೋನಿಯಂ ಕತೆಯಾದರೆ ಆಕಾಶವಾಣಿಯ ವಿಷಯದಲ್ಲಿ ಎಚ್ಚರ. 1940ರಲ್ಲಿ ಹಾರ್ಮೋನಿಯಮ್ಮಿಗೆ ಬಾನುಲಿಯಲ್ಲಿ ನಿಷೇಧ ಬಿತ್ತು, ಸಡಿಲವಾದದ್ದು 1970ರ ದಶಕದ ಆರಂಭದಲ್ಲಿ. ಅದರ ಸ್ವರಗಳು ಮೊದಲೇ ಗಟ್ಟಿಯಾಗಿ ಕೂತಿರುತ್ತವೆ, ಒಂದರಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಬರುವುದಿಲ್ಲ ಎನ್ನುವುದು ಆಕ್ಷೇಪ. ಧಾರವಾಡ ನಿಲಯ ಶುರುವಾದದ್ದೇ 1950ರಲ್ಲಿ. ಹಾಗಾಗಿ ಕತೆಯ ಮಾಸ್ತರರು 1955ರಲ್ಲಿ ಅಲ್ಲಿ ಹಾರ್ಮೋನಿಯಂ ನುಡಿಸಿ ಮೆಚ್ಚುಗೆ ಗಳಿಸುವುದು ಸಾಧ್ಯವಿಲ್ಲ. ಪೆಟ್ಟಿಗೆ ಹೊತ್ತು ನಿಲಯದ ಬಾಗಿಲಿಗೆ ಹೋಗಿ ವಾಪಸು ಬಂದರು ಎಂದರೆ ಅದು ನಿಜಕ್ಕೂ ಆಗಬಹುದಾದ ಸಂಗತಿ, ಮನಸ್ಸಿಗೂ ತಾಗುತ್ತದೆ. ಚರಿತ್ರೆ ಸರಿಯಿದ್ದರೆ ಕತೆಯೂ ಗಟ್ಟಿಯಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಗ್ರಾಮಫೋನ್ ತಟ್ಟೆ: 10 ಅಂಗುಲದ 78 ಸುತ್ತಿನ ತಟ್ಟೆಯಲ್ಲಿ ಒಂದು ಬದಿಗೆ ಮೂರೂಕಾಲು ನಿಮಿಷದಷ್ಟು ಹಿಡಿಯುತ್ತದೆ. ಹತ್ತು ನಿಮಿಷದ ವಿಲಂಬಿತ್ (ನಿಧಾನಗತಿಯ ಹಾಡಿಕೆ) ಕೇಳಿಸಿದರೆ ಸುಳ್ಳು ಬಯಲಾಗುತ್ತದೆ. ಗೀರಿನ ಸದ್ದು ಸೇರಿಸುವಾಗ ಬಹುತೇಕರು ಚಟಚಟ ಎಂದು ಎಲ್ಲೆಂದರಲ್ಲಿ ಹಾಕುತ್ತಾರೆ. ನಿಮಿಷಕ್ಕೆ 78 ಸುತ್ತಾದರೆ ಒಂದು ಸುತ್ತಿಗೆ 0.77 ಸೆಕೆಂಡು, ಆಳವಾದ ಗೀರು ಒಂದಿದ್ದರೆ ಅದರ ‘ಟಿಕ್’ ಸರಿಯಾಗಿ ಅಷ್ಟಷ್ಟೇ ಅಂತರಕ್ಕೆ ಬರಬೇಕು. ಮುಂದೆ ಬಂದ, ನಿಧಾನ ತಿರುಗುವ ಎಲ್‌ಪಿ ತಟ್ಟೆಗೆ 1.8 ಸೆಕೆಂಡು. ದನಿಯ ಹರವನ್ನೂ ಕಾಲಕ್ಕೆ ತಕ್ಕಂತೆ ಕತ್ತರಿಸಿ. 1925ರಲ್ಲಿ ವಿದ್ಯುತ್ ಮೈಕಿನ ಧ್ವನಿಮುದ್ರಣ ಬರುವುದಕ್ಕೆ ಮುಂಚಿನದಾದರೆ 200ರಿಂದ 2,500 ಹರ್ಟ್ಸ್ ನಡುವೆ, 1950ರದಾದರೆ ಅದಕ್ಕಿಂತ ಅಗಲ. ಎಲ್ಲ ಹಳೆಯದಕ್ಕೂ ಒಂದೇ ಮೂಗುದನಿ ಹಾಕುವುದು ಈಚೆಗೆ ರೂಢಿಯಾಗಿದೆ, ಕೇಳಿದ ಕಿವಿಗೆ ಅದು ಸಹಿಸುವುದಿಲ್ಲ.

ಪ್ರಶ್ನೆ: ನಮ್ಮದು ಕಾಲ್ಪನಿಕ ಗುಮಟೆ ಕಲಾವಿದನ ಚಿತ್ರ. ಊರಿನಲ್ಲಿ ತೋರಿಸಿದಾಗ ನುಡಿಸುವವರಿಗೇ ಸಿಟ್ಟು ಬಂತು. ನಾವು ಯಾರನ್ನೂ ಹೀಯಾಳಿಸಿರಲಿಲ್ಲ.
(ಅಂಕೋಲಾದ ಯುವಕರು)

ಉತ್ತರ: ನೀವು ಕಳಿಸಿದ ತುಣುಕು ನೋಡಿದ ಮೇಲೆ ಅವರ ಸಿಟ್ಟು ಅರ್ಥವಾಗುತ್ತದೆ. ಗುಮಟೆ ಮಣ್ಣಿನ ಗಡಿಗೆಯಂಥ ವಾದ್ಯ, ಅದಕ್ಕೆ ಎರಡು ಬಾಯಿ. ದೊಡ್ಡ ಬಾಯಿಗೆ ಚರ್ಮ, ಅಲ್ಲಿ ಬಲಗೈ ಪೆಟ್ಟು. ಚಿಕ್ಕ ಬಾಯಿ ತೆರೆದೇ ಇರುತ್ತದೆ, ಅದನ್ನು ಎಡ ಅಂಗೈಯಿಂದ ಮುಚ್ಚಿ ತೆರೆದು ಮಾಡಿದಾಗ ಒಳಗಿನ ಗಾಳಿ ಒತ್ತಿ ಆ ‘ಗುಂ’ ನಾದ ಏರಿಳಿಯುತ್ತದೆ. ನಿಮ್ಮ ನಟ ಎಡಗೈಯನ್ನು ಗಡಿಗೆಯ ಕಂಠಕ್ಕೆ ಸುಮ್ಮನೆ ಆನಿಸಿ ಹಿಡಿದಿದ್ದಾನೆ, ಕೇಳುವ ನಾದ ಮಾತ್ರ ಏರಿಳಿಯುತ್ತಿದೆ. ಸುಗ್ಗಿಯಲ್ಲಿ ವರ್ಷವರ್ಷವೂ ನುಡಿಸುವವರಿಗೆ ಇದು ಹೇಗೆ ಕಾಣುತ್ತದೆ ಯೋಚಿಸಿ: ಅವರ ಅರ್ಧ ವಿದ್ಯೆ ನಿಮ್ಮ ಕಣ್ಣಿಗೇ ಬಿದ್ದಿಲ್ಲ.

ಸಂಗೀತಗಾರನ ಜಂಬ, ಮರೆವು, ಹೊಟ್ಟೆಕಿಚ್ಚು, ಸಂಘಟಕರ ಜೊತೆ ಜಗಳ, ಇವುಗಳ ಮೇಲೆ ಎಷ್ಟು ಬೇಕಾದರೂ ನಗಿಸಿ. ನುಡಿಸುವವರೇ ಮೊದಲು ನಗುತ್ತಾರೆ. ನುಡಿಸಾಣಿಕೆ ಮಾತ್ರ ಅಸಲಿಯಾಗಿರಬೇಕು. ನಿಮ್ಮಲ್ಲಿ ಎರಡು ದಾರಿ ಇವೆ. ಬಲ್ಲವರನ್ನೇ ಪಾತ್ರಕ್ಕೆ ಹಾಕುವುದು ಒಂದು, ಇದೇ ಒಳ್ಳೆಯದು. ಇಲ್ಲವಾದರೆ ಬಲ್ಲವರ ಕೈಯನ್ನು ಹತ್ತಿರದಿಂದ ತೆಗೆದು, ಮುಖದ ಶಾಟ್‌ಗಳ ನಡುವೆ ಜೋಡಿಸುವುದು. ಎರಡನೆಯದರಲ್ಲಿ ಅಂಗಿಯ ತೋಳು, ಉಗುರು, ಚರ್ಮದ ಬಣ್ಣ ಹೊಂದಬೇಕು, ನಾದವನ್ನು ಆ ಕೈಯ ಶಾಟ್‌ನಿಂದಲೇ ಎತ್ತಬೇಕು.

ಇನ್ನೊಂದು ವಿಷಯ. ವಾದ್ಯ ಕಟ್ಟುವ ದೃಶ್ಯದಲ್ಲಿ ಉಡದ ಚರ್ಮ ಎಂದು ಹೆಮ್ಮೆಯಿಂದ ಹೇಳಿಸಿದ್ದೀರಿ. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಈಗ ಆಡಿನ ಚರ್ಮ ಬಿಗಿಯುತ್ತಾರೆ, ಅದನ್ನೇ ತೋರಿಸಿ. ಮಳೆಗಾಲದ ಚಿತ್ರೀಕರಣವಾದರೆ ಚರ್ಮ ಸಡಿಲಾಗಿ ನಾದ ಸತ್ತಿರುತ್ತದೆ. ಪ್ರತಿ ಶಾಟ್‌ಗೆ ಮುಂಚೆ ಕೆಂಡದ ಕಾವು ತೋರಿಸಬೇಕು. ಆ ಕಾವು ತೋರಿಸುವುದನ್ನೂ ಚಿತ್ರದಲ್ಲಿ ಇಟ್ಟುಕೊಳ್ಳಿ, ಅದು ನೋಡಲು ಬಹಳ ಚೆನ್ನ.

ಪ್ರಶ್ನೆ: ಪ್ರೇಕ್ಷಕರ ಅಭಿಪ್ರಾಯವನ್ನು ಸರಿಯಾಗಿ ತಿಳಿಯುವುದು ಹೇಗೆ? ಕೇಳಿದರೆ ಎಲ್ಲರೂ “ಚೊಲೊ ಆಯ್ತು” ಎಂದು ಚಹಾ ಕುಡಿದು ಹೋಗುತ್ತಾರೆ.
(ಹೊನ್ನಾವರದ ಓದುಗರು)

ಉತ್ತರ: ‘ಹೇಗಿತ್ತು?’ ಎಂಬ ಪ್ರಶ್ನೆಗೆ ನಮ್ಮ ಕಡೆ ಬೇರೆ ಉತ್ತರ ಬರುವುದಿಲ್ಲ, ಅದು ಸೌಜನ್ಯ. ಚಿತ್ರದ ಬಗ್ಗೆ ಕೇಳಬೇಡಿ, ನೋಡಿದವರಿಗೆ ಯಾವಾಗ ಏನಾಯಿತು ಎಂದು ಕೇಳಿ.

ಎ4 ಹಾಳೆಯ ಅರ್ಧ ಭಾಗ ಮತ್ತು ಪೆನ್ಸಿಲ್ ಪ್ರತಿ ಕುರ್ಚಿಯ ಮೇಲಿಡಿ. ಐದೇ ಪ್ರಶ್ನೆ ಇರಲಿ. ಈ ಸಂಗೀತಗಾರ ನಿಜವಾಗಿ ಇದ್ದರೆಂದು ಎಲ್ಲಿಯವರೆಗೆ ನಂಬಿದಿರಿ: ಮೊದಲಿನಿಂದಲೂ ನಂಬಲಿಲ್ಲ, ಇಂಥ ದೃಶ್ಯದವರೆಗೆ, ಕೊನೆಯವರೆಗೆ? ಅನುಮಾನ ಹುಟ್ಟಿಸಿದ್ದು ಯಾವುದು? ಯಾರನ್ನು ನೋಡಿ ನಕ್ಕಿರಿ? ಎಲ್ಲಿ ಬೇಸರ ಬಂತು? ನೋಡಿ ಯಾರಿಗಾದರೂ ನೋವಾದೀತು ಅನ್ನಿಸಿತೇ, ಯಾರಿಗೆ? ಹೆಸರು ಬೇಡ, ಸಂಗೀತ ಕಲಿತಿದ್ದೀರಾ ಎಂಬುದಕ್ಕೆ ಹೌದು ಅಥವಾ ಇಲ್ಲ ಮಾತ್ರ ಸಾಕು. ಹೆಸರುಪಟ್ಟಿ ಮುಗಿಯುತ್ತಿದ್ದಂತೆ ಅರ್ಧ ದೀಪ ಹಾಕಿ, ಎಂಟು ನಿಮಿಷ ಕೊಡಿ, ಚೀಟಿ ತೆಗೆದುಕೊಂಡ ಮೇಲೆಯೇ ಚರ್ಚೆ ಶುರು ಮಾಡಿ. ಮೊದಲು ಚರ್ಚೆ ಮಾಡಿದರೆ ಊರಿನ ಹಿರಿಯರೊಬ್ಬರು ಎದ್ದು ಹೇಳಿದ್ದೇ ಎಲ್ಲ ಚೀಟಿಗಳಲ್ಲೂ ಬರುತ್ತದೆ.

ಚೀಟಿಗಿಂತ ನಂಬಿಕಸ್ತ ಸಾಕ್ಷಿ ನಗು. ಸಭಾಂಗಣದ ಮಧ್ಯದ ಸಾಲಿನಲ್ಲಿ, ಕೂತವರ ಕಿವಿಯ ಎತ್ತರಕ್ಕೆ ಒಂದು ರೆಕಾರ್ಡರ್ ಇಡಿ, ಮೊಬೈಲ್ ಆದರೂ ನಡೆಯುತ್ತದೆ. ಜನರಿಗೆ ಮೊದಲೇ ತಿಳಿಸಿ. ಆಮೇಲೆ ಆ ಧ್ವನಿಯನ್ನು ಎಡಿಟಿಂಗ್ ತಂತ್ರಾಂಶದಲ್ಲಿ ಚಿತ್ರದ ಅಡಿಗೆ ಹಾಕಿ, ಮೊದಲ ಶೀರ್ಷಿಕೆಯ ಸಂಗೀತಕ್ಕೆ ಸರಿಹೊಂದಿಸಿ. ಎಲ್ಲಿ ನಕ್ಕರು, ಎಲ್ಲಿ ಕೆಮ್ಮಿದರು, ಎಲ್ಲಿ ಕುರ್ಚಿ ಕಿರ್ರೆಂದಿತು, ಎಲ್ಲವೂ ಸೆಕೆಂಡಿನ ಲೆಕ್ಕಕ್ಕೆ ಸಿಗುತ್ತದೆ. ಒಳ್ಳೆಯ ನಗು ಎರಡು-ಮೂರು ಸೆಕೆಂಡು ಇರುತ್ತದೆ, ಅಷ್ಟರಲ್ಲಿ ಮುಂದಿನ ಮಾತು ಬಂದರೆ ಅದು ಮುಳುಗಿಹೋಗುತ್ತದೆ. ಅಂಥ ಕಡೆ ಕೇಳುವವರ ಮುಖದ ಶಾಟ್ ಒಂದನ್ನು ಒಂದೂವರೆ ಸೆಕೆಂಡು ಸೇರಿಸಿ. ಖಾಲಿ ಸಭಾಂಗಣದಲ್ಲಿ ಅದು ಉದ್ದ ಅನ್ನಿಸುತ್ತದೆ, ತುಂಬಿದ ಸಭೆಯಲ್ಲಿ ಸರಿಹೋಗುತ್ತದೆ.

ಸಾಕ್ಷಿ ಕೆಡಿಸುವ ಸಂಗತಿಗಳೂ ಇವೆ. ಒಂದೇ ಮೂಲೆಯಿಂದ ಬರುವ ಜೋರು ನಗು ನಿಮ್ಮ ತಂಡದವರದ್ದು. ಮೊದಲ ಪ್ರದರ್ಶನಕ್ಕೆ ಅವರನ್ನು ಹೊರಗಿಡಿ. ತಗಡಿನ ಮಾಡಿನ ಮೇಲೆ ಮಳೆ ಬಿದ್ದ ದಿನದ ಚೀಟಿಗಳಲ್ಲಿ ‘ಬೇಸರ’ ಎಂದಿದ್ದರೆ ಅದು ‘ಕೇಳಿಸಲಿಲ್ಲ’ ಎಂದೇ ಇರಬಹುದು. ಮೂವತ್ತು ಚೀಟಿಗಳನ್ನು ಶೇಕಡಾ ಲೆಕ್ಕಕ್ಕೆ ಇಳಿಸಬೇಡಿ, ಮೂವತ್ತರಲ್ಲಿ ಹನ್ನೊಂದು ಎಂದೇ ಬರೆದಿಡಿ. ಒಂದು ಪ್ರದರ್ಶನ ನೋಡಿ ಕತ್ತರಿ ಹಾಕಬೇಡಿ. ಹೊನ್ನಾವರದಲ್ಲೂ ಶಿರಸಿಯಲ್ಲೂ ಅದೇ ಜಾಗದಲ್ಲಿ ಕುರ್ಚಿ ಕಿರ್ರೆಂದರೆ ಆಗ ತೆಗೆಯಿರಿ.

ಚೀಟಿಗಳನ್ನು ಸಂಗೀತ ಕಲಿತವರು, ಕಲಿಯದವರು ಎಂದು ಎರಡು ಕಟ್ಟು ಮಾಡಿ ಓದಿ. ಕಲಿಯದವರು ನಕ್ಕಲ್ಲಿ ಕಲಿತವರು ‘ನೋವಾದೀತು’ ಎಂದು ಬರೆದಿದ್ದರೆ, ಆ ದೃಶ್ಯದಲ್ಲಿ ನಗು ಮನುಷ್ಯನನ್ನು ಬಿಟ್ಟು ವಿದ್ಯೆಯ ಮೇಲೆ ಬಿದ್ದಿದೆ. ಅದನ್ನು ಮೊದಲು ಸರಿಪಡಿಸಿ. ಕೊನೆಯವರೆಗೂ ನಂಬಿದವರು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಿದ್ದರೆ ಸುಳಿವು ಕಡಿಮೆಯಾಗಿದೆ ಎಂದು ನಮ್ಮ ಲೆಕ್ಕ. 20 ನಿಮಿಷದ ಚಿತ್ರದಲ್ಲಿ ಮೊದಲ ಸುಳಿವು ಐದನೆಯ ನಿಮಿಷದೊಳಗೆ, ಎರಡನೆಯದು ನಡುವಿನಲ್ಲಿ ಬರಲಿ.

ಪ್ರಶ್ನೆ: ಹಳೆಯ ಪ್ರಸಿದ್ಧ ಹಾಡಿನ ಧಾಟಿಯನ್ನೇ ಸ್ವಲ್ಪ ಬದಲಿಸಿ ನಮ್ಮ ಕಾಲ್ಪನಿಕ ಗಾಯಕನ ಹಾಡು ಮಾಡಬಹುದೇ?
(ಭಟ್ಕಳದ ಓದುಗರು)

ಉತ್ತರ: ಹೊಸ ಧಾಟಿ ಕಟ್ಟಿಸುವುದೇ ಒಳ್ಳೆಯದು. ಬೀಟಲ್ಸ್ ತಂಡವನ್ನು ಅಣಕಿಸಿದ 1978ರ ಟಿವಿ ಚಿತ್ರಕ್ಕೆ ನೀಲ್ ಇನ್ನೆಸ್ ಕಟ್ಟಿದ ಹಾಡುಗಳು ಅಸಲಿಗೆ ಎಷ್ಟು ಹತ್ತಿರವಾಗಿದ್ದವೆಂದರೆ, ಸಂಗೀತ ಪ್ರಕಾಶಕರೊಡನೆ ರಾಜಿಯಾಗಿ ರಾಯಧನದ ಪಾಲು ಬಿಟ್ಟುಕೊಡಬೇಕಾಯಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಣಕಿಗೆಂದೇ ಬೇರೆ ವಿನಾಯಿತಿ ಬರೆದಿಲ್ಲ. ಧ್ವನಿಮುದ್ರಣದ ಹಕ್ಕು, ಅದು ಹೊರಬಂದ ವರ್ಷದ ಮುಂದಿನ ವರ್ಷದಿಂದ 60 ವರ್ಷ. 1960ರ ತಟ್ಟೆಯದು 2020ರ ಕೊನೆಗೆ ಮುಗಿಯಿತು. ಆದರೆ ಸಾಹಿತ್ಯ ಮತ್ತು ಧಾಟಿಯ ಹಕ್ಕು ಬೇರೆ: ಬರೆದವರು, ಧಾಟಿ ಕಟ್ಟಿದವರು ತೀರಿದ ಮೇಲೆ 60 ವರ್ಷ. ತಟ್ಟೆ ಹಳೆಯದು ಎಂದು ಹಾಡು ಬಿಡುಗಡೆಯಾಗಿದೆ ಅಂದುಕೊಂಡು ಬಹಳ ಜನ ಸಿಕ್ಕಿಬೀಳುವುದು ಇಲ್ಲಿಯೇ. ಹಾಲಕ್ಕಿ, ಸಿದ್ದಿ ಸಮುದಾಯಗಳ ಹಾಡಿಗೆ ಬರೆದವರ ಹೆಸರು ಇರುವುದಿಲ್ಲ. ಹಾಡಿದವರ ಒಪ್ಪಿಗೆಯನ್ನು ಕಾಗದದಲ್ಲಿ ಪಡೆಯಿರಿ, ಹೆಸರು ಹಾಕಿ, ಸಂಭಾವನೆ ಕೊಡಿ.

ಪ್ರಶ್ನೆ: ಆಮಂತ್ರಣದ ಮೇಲೆ ‘ಅಣಕು’ ಎಂದು ಬರೆದರೆ ಸ್ವಾರಸ್ಯ ಹೋಗುವುದಿಲ್ಲವೇ?
(ಕಾರವಾರದ ವಿದ್ಯಾರ್ಥಿನಿ)

ಉತ್ತರ: ಹೊರಗಿನವರ ಚಿತ್ರ ತೋರಿಸುವಾಗ ಬರೆಯಿರಿ, ಸ್ವಾರಸ್ಯ ಹೋಗುವುದಿಲ್ಲ. ನಿಮ್ಮದೇ ಚಿತ್ರವಾದರೆ ‘ಒಬ್ಬ ಗಾಯಕರ ಕತೆ’ ಎಂದು ಹಾಕಿ. ‘ಕತೆ’ ಎಂಬ ಮಾತು ಎರಡಕ್ಕೂ ಒಪ್ಪುತ್ತದೆ, ಆಮೇಲೆ ಯಾರೂ ಸುಳ್ಳು ಹೇಳಿದಿರಿ ಎನ್ನುವಂತಿಲ್ಲ. ‘ಸತ್ಯಕತೆ’, ‘ಅಪರೂಪದ ದಾಖಲೆ’ ಎಂಬ ಮಾತುಗಳನ್ನು ಮಾತ್ರ ಎಲ್ಲಿಯೂ ಅಚ್ಚು ಹಾಕಿಸಬೇಡಿ. ಹೆಸರುಪಟ್ಟಿಯಲ್ಲಿ ‘ಪಾತ್ರಗಳು ಕಾಲ್ಪನಿಕ’ ಎಂಬ ಸಾಲು ಕನಿಷ್ಠ ಐದು ಸೆಕೆಂಡು, ಹಿಂದಿನ ಸಾಲಿನವರಿಗೂ ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ ನಿಲ್ಲಲಿ. ಸಾರ್ವಜನಿಕವಾಗಿ ತೋರಿಸುವುದಾದರೆ ಕಿರುಚಿತ್ರಕ್ಕೂ ಸೆನ್ಸಾರ್ ಪ್ರಮಾಣಪತ್ರ ಬೇಕು, ಅರ್ಜಿಯನ್ನು ಆಮಂತ್ರಣ ಅಚ್ಚಾಗುವುದಕ್ಕಿಂತ ಸಾಕಷ್ಟು ಮೊದಲೇ ಹಾಕಿ.